‘ಆಯಿತು’ ಮತ್ತು ‘ಮಾಡಿದೆ’ ನಡುವೆ

ಬ್ರೆಜಿಲ್‌ನ ಫೆಡರಲ್ ಜೈಲುಗಳಲ್ಲಿ 2012ರಿಂದ ಒಂದು ಲೆಕ್ಕ ಜಾರಿಯಲ್ಲಿದೆ. ಕೈದಿ ಒಂದು ಪುಸ್ತಕ ಓದಿ, ಓದಿದ್ದರ ಬಗ್ಗೆ ತನ್ನ ಮಾತಿನಲ್ಲಿ ಬರೆದುಕೊಟ್ಟರೆ ಶಿಕ್ಷೆಯಲ್ಲಿ ನಾಲ್ಕು ದಿನ ಮಾಫಿ. ಒಂದು ಪುಸ್ತಕಕ್ಕೆ ಹೆಚ್ಚೂಕಡಿಮೆ ಒಂದು ತಿಂಗಳ ಗಡುವು. ವರ್ಷಕ್ಕೆ ಹೆಚ್ಚೆಂದರೆ 12 ಪುಸ್ತಕ, 48 ದಿನ. ಬರೆದದ್ದನ್ನು ಸಮಿತಿಯೊಂದು ಓದಿ, ಕದ್ದ ಬರಹವಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಆ ದಿನಗಳು ಜಮೆಯಾಗುತ್ತವೆ.

ಈ ಸಂಗತಿಯನ್ನು ನಾಲ್ಕು ಜನರ ನಡುವೆ ಹೇಳಿ ನೋಡಿ. ಪುಸ್ತಕವೆಂದರೆ ಪ್ರೀತಿ ಇರುವವರು, “ನಮ್ಮಲ್ಲೂ ಇದು ಬರಬೇಕು ನೋಡಿ” ಎನ್ನುತ್ತಾರೆ. ಪಕ್ಕದಲ್ಲಿ ಕೂತವರು, “ಹಾಗಾದರೆ ಸತ್ತವನ ತಾಯಿಗೆ ಎಷ್ಟು ದಿನ ವಾಪಸ್ ಕೊಡ್ತಾರಂತೆ?” ಎಂದು ಕೇಳುತ್ತಾರೆ. ಮೊದಲನೆಯದು ಕೇಳಲು ಹಿತ, ಎರಡನೆಯದು ಒರಟು. ಒರಟಾದ ಮಾತ್ರಕ್ಕೆ ಅದು ತಪ್ಪು ಪ್ರಶ್ನೆಯಾಗುವುದಿಲ್ಲ. ಈ ಬರಹದ ಉದ್ದಕ್ಕೂ ಆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಮಾತಾಡಬೇಕೆಂದು ನನ್ನ ಆಸೆ.

ಶಿಕ್ಷೆಯಲ್ಲಿ ಎಷ್ಟು ದಿನ ಬಿಡಬೇಕು ಎಂಬುದು ಕಾನೂನಿನ ಲೆಕ್ಕ. ಅದರ ಹಿಂದೆ ಯಾವ ಸಮಿತಿಯೂ ತಪಾಸಣೆ ಮಾಡಲಾಗದ ಇನ್ನೊಂದು ಲೆಕ್ಕವಿದೆ. ತಪ್ಪು ಮಾಡಿ ಒಳಗೆ ಹೋದವನು ಓದುತ್ತಾ ಓದುತ್ತಾ ತನ್ನ ತಪ್ಪಿನ ಜೊತೆ ರಾಜಿಯಾಗಬಲ್ಲನೇ? ಆದರೂ ಆ ರಾಜಿ ನಿಜವಾದದ್ದೇ? ಹಾಗೆ ರಾಜಿಯಾಗುವ ಹಕ್ಕಾದರೂ ಅವನೊಬ್ಬನಿಗೆ ಸೇರಿದ್ದೇ?

ಉತ್ತರ ಹುಡುಕುವ ಮೊದಲು ನಮ್ಮ ಮಾತಿನ ರೀತಿಯನ್ನೇ ಒಮ್ಮೆ ಗಮನಿಸಬೇಕು. ಕನ್ನಡದಲ್ಲಿ ನಾವು ‘ತಪ್ಪಾಯಿತು’ ಎನ್ನುತ್ತೇವೆ. ಮಳೆಯಾಯಿತು, ಸಂಜೆಯಾಯಿತು ಎಂದ ಹಾಗೆ. ಕ್ಷಮೆ ಕೇಳುವಾಗಲೂ ಅದೇ ಮಾತು. ಆ ವಾಕ್ಯದಲ್ಲಿ ತಪ್ಪು ಇದೆ, ಮಾಡಿದವನು ಇಲ್ಲ. ‘ಕೈ ಮೀರಿತು’, ‘ಕೆಟ್ಟ ಗಳಿಗೆ’, ‘ಹಣೆಬರಹ’, ‘ಆಗಬಾರದ್ದು ಆಗಿಹೋಯಿತು’, ಎಲ್ಲವೂ ಅದೇ ವಠಾರದವು. ಅದರ ಆಚೆ ಮನೆಯಲ್ಲಿ ‘ಮಾಡಿಸಿದರು’ ಇದೆ: ಕುಡಿತ ಮಾಡಿಸಿತು, ಸಾಲ ಮಾಡಿಸಿತು, ಸಹವಾಸ ಮಾಡಿಸಿತು. ಇವೆರಡನ್ನೂ ದಾಟಿದ ಮೇಲೆ ಸಿಗುವುದು ‘ಮಾಡಿದೆ’. ಮೂರಕ್ಷರದ ಮಾತು, ಆದರೆ ನ್ಯಾಯಾಲಯದಲ್ಲೂ ಮನೆಯಲ್ಲೂ ಬಾಯಿಗೆ ಬರಲು ಅತ್ಯಂತ ಕಷ್ಟವಾದ ಮಾತು.

ನಾನು ತೂಗಬೇಕೆಂದಿರುವುದು ಇಷ್ಟನ್ನೇ. ಜೈಲಿನಲ್ಲಿ ಕೈಗೆ ಬಂದ ಪುಸ್ತಕ ಒಬ್ಬನನ್ನು ‘ಆಯಿತು’ ಎಂಬಲ್ಲಿಂದ ‘ಮಾಡಿದೆ’ ಎಂಬಲ್ಲಿಗೆ ಕರೆದೊಯ್ಯುತ್ತದೆಯೇ, ಇಲ್ಲ ‘ಆಯಿತು’ ಎಂಬುದನ್ನೇ ಇನ್ನಷ್ಟು ಚೆಂದದ ಭಾಷೆಯಲ್ಲಿ ಹೇಳಲು ಕಲಿಸಿ ಸುಮ್ಮನಾಗುತ್ತದೆಯೇ?

ಒಂದು ಗೊಂದಲವನ್ನು ಆರಂಭದಲ್ಲೇ ಬದಿಗಿಡೋಣ. ಜೈಲು, ಪುಸ್ತಕ ಎಂದೊಡನೆ ನಮಗೆ ನೆನಪಾಗುವವರು ಮಂಡಾಲೆಯಲ್ಲಿ ಕೂತು ‘ಗೀತಾರಹಸ್ಯ’ ಬರೆದ ತಿಲಕರು, ಯರವಡಾದಲ್ಲಿ ಓದುತ್ತಾ ನೂಲುತ್ತಾ ಇದ್ದ ಗಾಂಧಿ, ಅಹ್ಮದ್‌ನಗರದ ಕೋಟೆಯಲ್ಲಿ ‘ಡಿಸ್ಕವರಿ ಆಫ್ ಇಂಡಿಯಾ’ ಬರೆದ ನೆಹರೂ. ಆ ಪರಂಪರೆ ದೊಡ್ಡದು, ಆದರೆ ಈ ವಿಷಯಕ್ಕೆ ಸಾಕ್ಷಿಯಾಗಿ ನಿಲ್ಲದು. ಅವರು ಒಳಗೆ ಹೋದದ್ದು ತಾವು ಸರಿ ಎಂದು ನಂಬಿದ ಕೆಲಸಕ್ಕೆ. ಇರಿದು ಬಂದವನು, ಕದ್ದು ಬಂದವನು, ಹೆಂಡತಿಯ ಮೇಲೆ ಕೈ ಮಾಡಿ ಬಂದವನು ಓದುವಾಗ ಪುಟದ ನಡುವೆ ಇನ್ನೊಬ್ಬರ ಮುಖ ಅಡ್ಡ ಬರುತ್ತದೆ. ಸ್ವಾತಂತ್ರ್ಯ ಹೋರಾಟಗಾರರ ಓದಿನಲ್ಲಿ ಆ ಮುಖ ಇರಲಿಲ್ಲ.

ಹಾಗಾಗಿ ಬೇರೆ ಸಾಕ್ಷಿ ಬೇಕು. ಅಮೆರಿಕದ ವರ್ಜೀನಿಯಾದಲ್ಲಿ 1996ರಲ್ಲಿ 16 ವರ್ಷದ ಹುಡುಗನೊಬ್ಬ ಪಿಸ್ತೂಲು ಹಿಡಿದು ಕಾರು ದೋಚಿದ. ಚೆನ್ನಾಗಿ ಓದುತ್ತಿದ್ದ ಹುಡುಗ. ವಯಸ್ಕನೆಂದೇ ವಿಚಾರಣೆ ನಡೆದು 9 ವರ್ಷದ ಶಿಕ್ಷೆಯಾಯಿತು. ಒಮ್ಮೆ ಒಂಟಿ ಸೆಲ್ಲಿನಲ್ಲಿ ಇದ್ದಾಗ ಯಾರೋ ಬಾಗಿಲ ಸಂದಿಯಿಂದ ಒಂದು ಪುಸ್ತಕ ತಳ್ಳಿದರು. ಡಡ್ಲಿ ರ‍್ಯಾಂಡಲ್ ಸಂಪಾದಿಸಿದ ‘ದಿ ಬ್ಲ್ಯಾಕ್ ಪೊಯೆಟ್ಸ್’ ಎಂಬ ಕವನ ಸಂಕಲನ. ಆ ಹುಡುಗ ರೆಜಿನಾಲ್ಡ್ ಡ್ವೇನ್ ಬೆಟ್ಸ್. ಜೈಲಿನಿಂದ ಹೊರಬಂದ ಮೇಲೆ ಅವರು ಕವಿಯಾದರು, ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ವಕೀಲಿ ಪರೀಕ್ಷೆ ಪಾಸಾದರೂ ಹಳೆಯ ಅಪರಾಧದ ಕಾರಣಕ್ಕೆ ಕನೆಕ್ಟಿಕಟ್ ರಾಜ್ಯದಲ್ಲಿ ಸನ್ನದು ಕೊಡುವುದನ್ನು ಮೊದಲು ತಡೆಹಿಡಿದರು; 2017ರಲ್ಲಿ ಕೊನೆಗೂ ಕೊಟ್ಟರು. 2020ರಲ್ಲಿ ಅವರು ಆರಂಭಿಸಿದ ‘ಫ್ರೀಡಮ್ ರೀಡ್ಸ್’ ಸಂಸ್ಥೆ ಜೈಲಿನ ವಾಸದ ಕಟ್ಟಡಗಳ ಒಳಗೇ, ಕೈಗೆಟುಕುವ ಎತ್ತರದ ಕಪಾಟುಗಳಲ್ಲಿ 500 ಪುಸ್ತಕಗಳ ಪುಟ್ಟ ಗ್ರಂಥಾಲಯಗಳನ್ನು ಇಡುತ್ತಿದೆ.

ಈ ಕಥೆಯಲ್ಲಿ ಪವಾಡದಂತೆ ಕಾಣುವ ಭಾಗ ಬಾಗಿಲ ಸಂದಿಯ ಪುಸ್ತಕ. ನನಗೆ ಮುಖ್ಯವೆನಿಸುವುದು ಬೇರೆ. ಬೆಟ್ಸ್ ತಾವು ದೋಚಿದ್ದನ್ನು ಎಲ್ಲಿಯೂ ಮರೆಮಾಚಿಲ್ಲ. ತಾವು ಬೆಳೆದ ಕೇರಿ, ಕಪ್ಪು ಹುಡುಗರನ್ನು ವಯಸ್ಕರ ಜೈಲಿಗೆ ನೂಕುವ ವ್ಯವಸ್ಥೆ, ಎಲ್ಲದರ ಬಗ್ಗೆಯೂ ಖಾರವಾಗಿಯೇ ಬರೆಯುತ್ತಾರೆ. ಆದರೆ ಅದರ ಅಡಿಯಲ್ಲಿ ಪಿಸ್ತೂಲು ಹಿಡಿದ ತಮ್ಮ ಕೈಯನ್ನು ಬಚ್ಚಿಡುವುದಿಲ್ಲ. ‘ಮಾಡಿಸಿತು’ ಎಂಬುದೂ ‘ಮಾಡಿದೆ’ ಎಂಬುದೂ ಒಂದೇ ಬಾಯಲ್ಲಿ ಬರುತ್ತವೆ. ಓದು ಕಲಿಸಿದ್ದು ಇದನ್ನೇ ಎಂದು ವಾದಿಸಬಹುದು: ಎರಡು ನಿಜಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದನ್ನು.

ಪುಸ್ತಕದ ಪರವಾಗಿ ಮಾತಾಡುವವರ ವಾದಕ್ಕೆ ಇಲ್ಲಿ ಒಳ್ಳೆಯ ನೆಲವಿದೆ. ಜಗಳವಾಡಿ ಜೈಲಿಗೆ ಬಂದ ಎಷ್ಟೋ ಜನರಿಗೆ ತಮ್ಮ ಮನಸ್ಸನ್ನು ಹೇಳಲು ಇರುವ ಪದಗಳು ಕಡಿಮೆ. ಅವಮಾನ, ಹೆದರಿಕೆ, ಹೊಟ್ಟೆಕಿಚ್ಚು, ಸೋಲು, ಇವೆಲ್ಲಕ್ಕೂ ಅವರ ಬಳಿ ಇರುವ ಹೆಸರು ಒಂದೇ, ಸಿಟ್ಟು. ಕಾದಂಬರಿಯೊಂದರಲ್ಲಿ ಯಾರೋ ಅವಮಾನಕ್ಕೆ ಕುದಿಯುವುದನ್ನು ನೂರು ಪುಟ ಓದಿದವನಿಗೆ, ಆ ರಾತ್ರಿ ತನಗೆ ಬಂದದ್ದು ಸಿಟ್ಟಲ್ಲ, ಅಂಜಿಕೆ ಎಂದು ತಿಳಿಯಬಹುದು. ಹೆಸರಿಲ್ಲದ್ದನ್ನು ಒಪ್ಪಿಕೊಳ್ಳುವುದು ಹೇಗೆ? ಎರಡನೆಯದು, ಕಥೆ ನಮ್ಮನ್ನು ಇನ್ನೊಬ್ಬರ ಮೈಯೊಳಗೆ ಕೂರಿಸುತ್ತದೆ. ಕದ್ದವನು ಕಳೆದುಕೊಂಡವನ ಮನೆಯ ಅಡುಗೆಮನೆಯಲ್ಲಿ ಒಂದು ಗಂಟೆ ಕೂತು ಬರಬಹುದು. ಬುದ್ಧಿವಾದ ಹೇಳಲು ಬಂದ ಅಧಿಕಾರಿಯ ಎದುರು ಅವನು ಮನಸ್ಸಿನ ಬಾಗಿಲು ಹಾಕಿಕೊಳ್ಳುತ್ತಾನೆ. ಪುಸ್ತಕದ ಎದುರು ಬಾಗಿಲು ಹಾಕುವ ಅಗತ್ಯ ಬೀಳುವುದಿಲ್ಲ. ಅದು ಅವನನ್ನು ನೋಡುತ್ತಿಲ್ಲವಲ್ಲ.

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ, ಅಲ್ಲಿ ಪುಸ್ತಕ ರಂಗವೇರಿತು. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ವರ್ಷಗಟ್ಟಲೆ ಕರ್ನಾಟಕದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸಿದರು. ಮೈಸೂರಿನ ಜೈಲಿನವರು ಆಡಿದ ನಾಟಕಗಳಲ್ಲಿ ‘ಮಾರನಾಯಕ’ ಒಂದು. ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕವನ್ನು ಎಚ್.ಎಸ್. ಶಿವಪ್ರಕಾಶರು ಪಾಳೆಯಗಾರರ ಲೋಕಕ್ಕೆ ತಂದು ಕಟ್ಟಿದ ಕೃತಿ ಅದು. ಆಸೆಗೆ ಬಿದ್ದು ಕೊಲ್ಲುವವನ ಕಥೆ, ಕೊಂದ ಮೇಲೆ ನಿದ್ದೆ ಕಳೆದುಕೊಳ್ಳುವವನ ಕಥೆ. ಕೊಲೆಯ ಶಿಕ್ಷೆ ಅನುಭವಿಸುತ್ತಿರುವವನು ಆ ಮಾತುಗಳನ್ನು ಬಾಯಿಪಾಠ ಮಾಡಿ, ಜನರ ಮುಂದೆ ನಿಂತು, ‘ನಾನು’ ಎಂದು ಶುರುಮಾಡಿ ಹೇಳಬೇಕು. ಓದಲು ಬಾರದವನಿಗೂ ಪುಸ್ತಕ ತಲುಪುವ ದಾರಿ ಅದು. ನಾಟಕದ ‘ನಾನು’ ಮತ್ತು ತನ್ನ ‘ನಾನು’ ನಡುವಿನ ಪರದೆ ತಾಲೀಮಿನ ಯಾವುದೋ ಒಂದು ಸಂಜೆ ತೆಳುವಾಗುವ ಸಾಧ್ಯತೆ ಇದೆ.

ಇನ್ನು ಎದುರು ಕೂತ ಎರಡನೆಯವರ ಮಾತಿಗೆ ಬರೋಣ. ಅವರ ಕೈಯಲ್ಲಿರುವ ಸಾಕ್ಷಿ ಇನ್ನೂ ಗಟ್ಟಿಯದು.

ಹಿಟ್ಲರನ ವಾಸ್ತುಶಿಲ್ಪಿಯೂ ಯುದ್ಧಕಾಲದ ಶಸ್ತ್ರಾಸ್ತ್ರ ಮಂತ್ರಿಯೂ ಆಗಿದ್ದ ಆಲ್ಬರ್ಟ್ ಸ್ಪೀರ್‌ಗೆ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ 20 ವರ್ಷದ ಶಿಕ್ಷೆ ವಿಧಿಸಿತು. ಬರ್ಲಿನ್ನಿನ ಸ್ಪಾಂಡೌ ಜೈಲಿನಲ್ಲಿ ಅವನು ಓದಿದಷ್ಟು ಓದಿದ ಕೈದಿ ಅಪರೂಪ. ಮೊದಲ ಮೂರು ವರ್ಷಗಳಲ್ಲೇ 500 ಪುಸ್ತಕ ಮುಗಿಸಿದ್ದಾಗಿ ಅವನೇ ಲೆಕ್ಕ ಇಟ್ಟಿದ್ದ. ಜೈಲಿನ ತೋಟದಲ್ಲಿ ಸುತ್ತು ಹಾಕುತ್ತಾ, ಹೆಜ್ಜೆಗಳನ್ನು ಕಿಲೋಮೀಟರಿಗೆ ಇಳಿಸಿ, ತಾನು ಭೂಮಿ ಸುತ್ತುತ್ತಿದ್ದೇನೆಂದು ಕಲ್ಪಿಸಿಕೊಂಡ. ದಾರಿಯಲ್ಲಿ ಬರುವ ದೇಶಗಳ ಬಗ್ಗೆ ಪುಸ್ತಕ ತರಿಸಿ ಓದುತ್ತಾ 30,000 ಕಿಲೋಮೀಟರಿಗೂ ಹೆಚ್ಚು ನಡೆದ. 1966ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅವನ ಲೆಕ್ಕದಲ್ಲಿ ಮೆಕ್ಸಿಕೋ ತಲುಪಿದ್ದ. ಕಳ್ಳತನದಿಂದ ಕಾಗದದ ಚೂರುಗಳಲ್ಲಿ ಬರೆದು ಹೊರಗೆ ಸಾಗಿಸಿದ ಟಿಪ್ಪಣಿಗಳಿಂದ ಆತ್ಮಕಥೆ ಬಂತು, ದಿನಚರಿ ಬಂತು, ಎರಡೂ ಜಗತ್ತಿನಾದ್ಯಂತ ಮಾರಾಟವಾದವು. ಶಾಂತ, ವಿಚಾರವಂತ, ಪಶ್ಚಾತ್ತಾಪಿ ನಾಝಿ ಎಂದು ಜಗತ್ತು ಅವನನ್ನು ಕರೆಯಿತು.

ಅವನ ತಪ್ಪೊಪ್ಪಿಗೆಯ ಒಕ್ಕಣೆ ನೋಡಿ. ಆ ಸರ್ಕಾರದಲ್ಲಿ ಇದ್ದೆ, ಹಾಗಾಗಿ ನಡೆದದ್ದಕ್ಕೆಲ್ಲ ನನಗೂ ಹೊಣೆಯಿದೆ. ಆದರೆ ಯಹೂದಿಗಳ ಸಾಮೂಹಿಕ ಕೊಲೆಯ ವಿಷಯ ನನಗೆ ತಿಳಿದಿರಲಿಲ್ಲ, ತಿಳಿದುಕೊಳ್ಳಬೇಕಿತ್ತು. ದೊಡ್ಡ ಹೊಣೆ ಹೊತ್ತಂತೆಯೂ ಆಯಿತು, ಕೈ ತೊಳೆದಂತೆಯೂ ಆಯಿತು. ‘ಆಯಿತು’ ಎಂಬ ಮಾತು ಇದಕ್ಕಿಂತ ಘನವಾದ ಉಡುಪು ತೊಟ್ಟು ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನು 1981ರಲ್ಲಿ ಸತ್ತ. 2007ರಲ್ಲಿ ಅವನ ಹಳೆಯ ಕಾಗದವೊಂದು ಬೆಳಕಿಗೆ ಬಂತು. 1971ರಲ್ಲಿ ಪರಿಚಯದ ಮಹಿಳೆಯೊಬ್ಬರಿಗೆ ಬರೆದದ್ದು. 1943ರ ಅಕ್ಟೋಬರ್ 6ರಂದು ಪೋಸೆನ್ ಊರಿನಲ್ಲಿ, ಯಹೂದಿಗಳೆಲ್ಲರನ್ನೂ ಕೊಲ್ಲಲಾಗುವುದು ಎಂದು ನಾಝಿ ನಾಯಕ ಹಿಮ್ಲರ್ ಹೇಳಿದಾಗ ತಾನು ಅಲ್ಲೇ ಇದ್ದೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದ. ಸಾವಿರಾರು ಪುಟ ಓದಿ ಸಾವಿರಾರು ಪುಟ ಬರೆದವನು ಆ ಒಂದು ಸಾಲನ್ನು ಮಾತ್ರ ಜಗತ್ತಿನ ಮುಂದೆ ಬರೆಯಲಿಲ್ಲ.

ಓದು ಇಲ್ಲಿ ಏನು ಮಾಡಿತು? 20 ವರ್ಷ ಹುಚ್ಚು ಹಿಡಿಯದಂತೆ ಕಾಪಾಡಿತು. ತನ್ನ ಬಗ್ಗೆ ನಂಬಲರ್ಹವಾದ ಕಥೆ ಕಟ್ಟಲು ಬೇಕಾದ ಕಸುಬನ್ನು ಕಲಿಸಿತು. ಮನಸ್ಸಿಗೆ ಒಂದು ಬಗೆಯ ನೆಮ್ಮದಿಯನ್ನೂ ಕೊಟ್ಟಿರಬೇಕು. ಎರಡನೆಯವರ ವಾದ ಇದೇ: ನೆಮ್ಮದಿ ಸಿಕ್ಕಿತು ಎಂಬುದು ನಿಜ ಹೇಳಿದ್ದಕ್ಕೆ ಪುರಾವೆಯಲ್ಲ. ಕೆಲವೊಮ್ಮೆ ನಿಜ ಹೇಳದೆ ಇದ್ದುದರಿಂದಲೇ ನೆಮ್ಮದಿ ಸಿಗುತ್ತದೆ.

ಇದಕ್ಕಿಂತ ಕಹಿಯಾದ ಇನ್ನೊಂದು ಪ್ರಕರಣ ಅಮೆರಿಕದ ಜ್ಯಾಕ್ ಹೆನ್ರಿ ಅಬಟ್‌ನದು. ಬಾಲಾಪರಾಧಿಗಳ ಮನೆ, ಜೈಲು, ಒಂಟಿ ಸೆಲ್ಲು ಎಂದು ಆಯುಷ್ಯದ ಬಹುಪಾಲು ಒಳಗೇ ಕಳೆದವನು. ತಾನೇ ತತ್ವಶಾಸ್ತ್ರ, ಮಾರ್ಕ್ಸ್ ಎಂದು ಓದಿಕೊಂಡು, ಕಾದಂಬರಿಕಾರ ನಾರ್ಮನ್ ಮೈಲರ್‌ಗೆ ಪತ್ರ ಬರೆಯತೊಡಗಿದ. ಆ ಪತ್ರಗಳು 1981ರಲ್ಲಿ ‘ಇನ್ ದಿ ಬೆಲ್ಲಿ ಆಫ್ ದಿ ಬೀಸ್ಟ್’ ಎಂಬ ಪುಸ್ತಕವಾದವು. ಮೈಲರ್ ಅವನ ಬಿಡುಗಡೆಗೆ ಒತ್ತಾಸೆಯಾಗಿ ನಿಂತರು. ಜೂನ್‌ನಲ್ಲಿ ಹೊರಗೆ ಬಂದ. ಆರೇ ವಾರಗಳಲ್ಲಿ, ಜುಲೈ 18ರ ಬೆಳಗಿನ ಜಾವ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕ್ಷುಲ್ಲಕ ಮಾತಿಗೆ 22 ವರ್ಷದ ಸಪ್ಲೈಯರ್ ಹುಡುಗನನ್ನು ಇರಿದು ಕೊಂದ. ಆ ಹುಡುಗ ನಟ, ನಾಟಕ ಬರೆಯುತ್ತಿದ್ದವನು. ಮಾರನೆಯ ದಿನದ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಬಟ್‌ನ ಪುಸ್ತಕವನ್ನು ಮೆಚ್ಚಿದ ವಿಮರ್ಶೆ ಇತ್ತು.

ಅಬಟ್ ಬರೆದದ್ದೆಲ್ಲ ಸುಳ್ಳಲ್ಲ. ಹುಡುಗುತನದಿಂದಲೇ ಜೈಲಿಗೆ ಹಾಕಿ ಒಂಟಿತನದಲ್ಲಿ ಕೊಳೆಸಿದರೆ ಮನುಷ್ಯ ಏನಾಗುತ್ತಾನೆ ಎಂಬುದಕ್ಕೆ ಅವನ ಪುಸ್ತಕ ಕಣ್ಣು ತೆರೆಸುವ ಸಾಕ್ಷಿ. ಆದರೆ ಅವನ ಓದು ನಿಂತದ್ದು ‘ಮಾಡಿಸಿತು’ ಎಂಬಲ್ಲಿ. ಬೆಟ್ಸ್ ಆ ಮಾತಿನ ಜೊತೆಗೆ ತಮ್ಮ ಕೈಯನ್ನೂ ಇಟ್ಟರು, ಅಬಟ್ ಇಡಲಿಲ್ಲ. ಇಬ್ಬರ ಕೈಗೂ ಪುಸ್ತಕ ಬಂದಿತ್ತು ಎಂಬುದನ್ನು ಮರೆಯಬಾರದು. ಹಾಗಾದರೆ ವ್ಯತ್ಯಾಸ ಮಾಡಿದ್ದು ಪುಸ್ತಕವೇ ಎಂದು ಹೇಳುವುದು ಹೇಗೆ?

ಜೈಲಿನ ಲೆಕ್ಕಪುಸ್ತಕದೊಳಗೆ ಓದು ಬರಹ ಬಂದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ರೊಮೇನಿಯಾದಲ್ಲಿ, ಕೈದಿ ವೈಜ್ಞಾನಿಕ ಕೃತಿ ಬರೆದು ಪ್ರಕಟಿಸಿದರೆ ಒಂದು ಪುಸ್ತಕಕ್ಕೆ 30 ದಿನ ಶಿಕ್ಷೆ ಇಳಿಸುವ ಕಾನೂನು ಇತ್ತು. ಭ್ರಷ್ಟಾಚಾರದ ಪ್ರಕರಣಗಳಲ್ಲಿ ಒಳಗೆ ಹೋದ ರಾಜಕಾರಣಿಗಳು, ಉದ್ಯಮಿಗಳು ಒಬ್ಬರ ಹಿಂದೆ ಒಬ್ಬರು ಗ್ರಂಥಕರ್ತರಾದರು. ಪುಸ್ತಕಗಳ ಸಂಖ್ಯೆ ನೂರುಗಳಲ್ಲಿ ಏರಿತು, ಬರೆದವರು ಯಾರು ಎಂಬ ಅನುಮಾನವೂ ಏರಿತು, ತನಿಖೆ ನಡೆಯಿತು, 2016ರಲ್ಲಿ ಸರ್ಕಾರ ಆ ಸೌಲಭ್ಯವನ್ನೇ ರದ್ದು ಮಾಡಿತು. ನಮ್ಮಲ್ಲಿ ಆಗಸ್ಟ್ 15, ಜನವರಿ 26ರಂದು ‘ಸನ್ನಡತೆಯ ಆಧಾರದ ಮೇಲೆ ಬಿಡುಗಡೆ’ ಎಂಬ ಸುದ್ದಿ ಓದುವಾಗ ಸನ್ನಡತೆಯನ್ನು ಅಳೆದದ್ದು ಹೇಗೆ ಎಂಬ ಪ್ರಶ್ನೆ ಏಳುವುದು ಇದೇ ಕಾರಣಕ್ಕೆ. ಒಳ್ಳೆಯತನಕ್ಕೆ ಬೆಲೆ ಕಟ್ಟಿದ ಕ್ಷಣವೇ ಅದರ ನಕಲಿ ಮಾಲೂ ಸಂತೆಗೆ ಬರುತ್ತದೆ.

ಇದಲ್ಲದೆ ನಮ್ಮ ಜೈಲುಗಳ ವಾಸ್ತವ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣಾಧೀನ ಬಂದಿಗಳು. ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿಲ್ಲ. ಅಂಥವನ ಕೈಗೆ ಪುಸ್ತಕ ಕೊಟ್ಟು ‘ಓದಿ ಪಶ್ಚಾತ್ತಾಪಪಡು’ ಎಂದರೆ ತೀರ್ಪಿಗಿಂತ ಮೊದಲೇ ಶಿಕ್ಷೆ ಬರೆದ ಹಾಗೆ. ಅವನಿಗೆ ಅಗತ್ಯವಾಗಿ ಬೇಕಿರುವುದು ವಕೀಲ, ಜಾಮೀನು, ವಾಯಿದೆಯ ತಾರೀಖು. ಒಳಗಿರುವವರಲ್ಲಿ ಅಕ್ಷರ ಬಾರದವರೂ, ಶಾಲೆಯನ್ನು ಅರ್ಧಕ್ಕೆ ಬಿಟ್ಟವರೂ ಬಹಳ. ಓದನ್ನೇ ಸುಧಾರಣೆಯ ಅಳತೆಗೋಲು ಮಾಡಿದರೆ ಹೊರಗೆ ಶಾಲೆ ತಪ್ಪಿಸಿಕೊಂಡವನು ಒಳಗೆ ಮಾಫಿಯನ್ನೂ ತಪ್ಪಿಸಿಕೊಳ್ಳುತ್ತಾನೆ. ತುಂಬಿ ತುಳುಕುವ ಬ್ಯಾರಕ್ಕಿನಲ್ಲಿ, ಇಡೀ ರಾತ್ರಿ ಉರಿಯುವ ದೀಪದಡಿ, ಮಗ್ಗುಲಲ್ಲಿ ಇಬ್ಬರ ಕೆಮ್ಮಿನ ನಡುವೆ ಕುವೆಂಪು ಅವರ ದೊಡ್ಡ ಕಾದಂಬರಿ ಓದುವುದು ನಾವು ಸೋಫಾದಲ್ಲಿ ಕೂತು ಕಲ್ಪಿಸಿಕೊಂಡಷ್ಟು ಸಲೀಸೂ ಅಲ್ಲ.

ಎರಡೂ ತಟ್ಟೆಗಳಲ್ಲಿ ತೂಕ ಬಿತ್ತು. ಮುಳ್ಳು ಎತ್ತ ವಾಲುತ್ತದೆ ಎಂದು ನೋಡಲು ನಮ್ಮ ಸುಪ್ರೀಂ ಕೋರ್ಟಿನ ಒಂದು ತೀರ್ಪು ನೆರವಾಗುತ್ತದೆ. ಮಹಾರಾಷ್ಟ್ರದ ಯುವಕನೊಬ್ಬ 22ನೆಯ ವಯಸ್ಸಿನಲ್ಲಿ ಮಗುವೊಂದನ್ನು ಅಪಹರಿಸಿ ಕೊಂದಿದ್ದ. ಮರಣದಂಡನೆಯಾಗಿತ್ತು. 18 ವರ್ಷ ಜೈಲಿನಲ್ಲಿ ಕಳೆದಿದ್ದ, ಅಲ್ಲೇ ಬಿ.ಎ. ಮಾಡಿಕೊಂಡಿದ್ದ, ಕವಿತೆ ಬರೆದಿದ್ದ. 2019ರ ಫೆಬ್ರುವರಿಯಲ್ಲಿ ನ್ಯಾಯಪೀಠವು ಅವನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಅವನ ವಯಸ್ಸು, ಜೈಲಿನ ನಡತೆ, ಓದು, ಎಲ್ಲವನ್ನೂ ಪರಿಗಣಿಸಿದ ನ್ಯಾಯಾಲಯ, ಚಿಕ್ಕ ವಯಸ್ಸಿನಲ್ಲಿ ಮಾಡಿದ ತಪ್ಪು ಅವನಿಗೆ ಅರಿವಾಗಿದೆ ಎಂಬುದನ್ನು ಆ ಕವಿತೆಗಳಲ್ಲಿ ಕಂಡಿತು.

ಕವಿತೆಯಿಂದ ಮನಸ್ಸನ್ನು ಅಳೆಯಬಹುದೇ? ಅಳೆಯಬಾರದು ಎನ್ನುವವರಿಗೆ ಸ್ಪೀರ್ ಸಾಕ್ಷಿ. ಹಾಗಾದರೆ ಬೇರೆ ಯಾವುದರಿಂದ ಅಳೆಯಬೇಕು ಎಂಬುದಕ್ಕೆ ಅವರ ಬಳಿ ಉತ್ತರ ಕಡಿಮೆ. 1980ರ ಬಚನ್ ಸಿಂಗ್ ತೀರ್ಪಿನಿಂದಲೂ, ಅಪರಾಧಿ ಸುಧಾರಿಸುವ ಸಾಧ್ಯತೆ ಇದೆಯೇ ಎಂದು ನೋಡದೆ ಗಲ್ಲಿಗೇರಿಸಬಾರದು ಎಂಬುದು ನಮ್ಮ ಕಾನೂನು. ಸಾಧ್ಯತೆ ನೋಡಲು ಎಲ್ಲಾದರೂ ಒಂದು ಕಿಟಕಿ ಬೇಕಲ್ಲ. ನನಗೆ ಆ ತೀರ್ಪಿನಲ್ಲಿ ಮೆಚ್ಚುಗೆಯಾಗುವುದು ಅದರ ಮಿತಿ. ನ್ಯಾಯಾಲಯ ಅವನನ್ನು ಕ್ಷಮಿಸಲಿಲ್ಲ, ಬಿಡುಗಡೆ ಮಾಡಲಿಲ್ಲ. ಕವಿತೆ ಅವನ ಕೊರಳಿನ ಹಗ್ಗ ಬಿಚ್ಚಿಸಿತು, ಬಾಗಿಲು ತೆರೆಸಲಿಲ್ಲ. ಮಗುವಿನ ಮನೆಯವರ ಪರವಾಗಿ ಕ್ಷಮಿಸುವ ಅಧಿಕಾರ ತನಗಿದೆ ಎಂದು ನ್ಯಾಯಾಲಯ ಅಂದುಕೊಳ್ಳಲಿಲ್ಲ.

ಪುಸ್ತಕಪ್ರಿಯರು ಮರೆಯುವ ಗೆರೆ ಇದೇ. ತಪ್ಪಿನ ಸಾಲದಲ್ಲಿ ಎರಡು ಬಾಬ್ತುಗಳಿವೆ. ಒಂದು ತನಗೆ ತಾನು ಕೊಡಬೇಕಾದದ್ದು, ಇನ್ನೊಂದು ನೊಂದವರಿಗೆ ಸಲ್ಲಬೇಕಾದದ್ದು. ಓದು ಮೊದಲನೆಯ ಬಾಬ್ತಿನಲ್ಲಿ ನೆರವಾಗಬಲ್ಲದು. ಎರಡನೆಯದರ ರಸೀದಿಯನ್ನು ಯಾವ ಗ್ರಂಥಾಲಯವೂ ಬರೆದುಕೊಡಲಾರದು. ಅಂಗುಲಿಮಾಲನ ಕಥೆ ನಮ್ಮ ಮಕ್ಕಳಿಗೂ ಗೊತ್ತು, ಆದರೆ ಪಠ್ಯಪುಸ್ತಕಗಳು ಅದನ್ನು ಅವನು ಬುದ್ಧನಿಗೆ ಶರಣಾದಲ್ಲಿಗೆ ನಿಲ್ಲಿಸಿಬಿಡುತ್ತವೆ. ಪಾಲಿ ಸುತ್ತದಲ್ಲಿ ಕಥೆ ಮುಂದೆ ಹೋಗುತ್ತದೆ. ಭಿಕ್ಷುವಾಗಿ ಊರಿಗೆ ಹೋದವನ ಮೇಲೆ ಕಲ್ಲು ಬೀಳುತ್ತದೆ, ತಲೆ ಒಡೆದು, ಪಾತ್ರೆ ಮುರಿದು, ರಕ್ತ ಸುರಿಸುತ್ತಾ ಬರುತ್ತಾನೆ. ಬುದ್ಧ ಊರವರನ್ನು ಬೈಯುವುದಿಲ್ಲ. ತಾಳಿಕೋ, ಇದು ನಿನ್ನ ಕರ್ಮದ ಫಲ ಎನ್ನುತ್ತಾನೆ. ಒಳಗೆ ಶಾಂತಿ ಸಿಕ್ಕಿದ್ದೂ ನಿಜ, ಹೊರಗೆ ಕಲ್ಲು ಬಿದ್ದದ್ದೂ ನಿಜ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಹಾಗೆಂದು ಎರಡನೆಯವರ ಮಾತಿಗೆ ಪೂರ್ತಿ ತಲೆಯಾಡಿಸಲೂ ನನಗೆ ಆಗದು. ನಕಲಿ ಪಶ್ಚಾತ್ತಾಪ ಇದೆ ಎಂಬ ಕಾರಣಕ್ಕೆ ಪುಸ್ತಕವನ್ನೇ ಬಿಗಿಹಿಡಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ನೋಡಿದೆ. 2013ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಕೈದಿಗಳಿಗೆ ಮನೆಯವರು ಕಳಿಸುವ ಪಾರ್ಸೆಲ್‌ಗಳನ್ನು ನಿರ್ಬಂಧಿಸಿತು. ಪುಸ್ತಕವೂ ಸನ್ನಡತೆಯಿಂದ ಗಳಿಸಬೇಕಾದ ಸವಲತ್ತುಗಳ ಸಾಲಿಗೆ ಸೇರಿತು. ಲೇಖಕರು ಬೀದಿಗಿಳಿದರು. 2014ರ ಡಿಸೆಂಬರಿನಲ್ಲಿ ಅಲ್ಲಿನ ಹೈಕೋರ್ಟು, ಪುಸ್ತಕಗಳ ಮಟ್ಟಿಗೆ ಆ ನಿರ್ಬಂಧ ಕಾನೂನುಬಾಹಿರ ಎಂದಿತು. ಸ್ಪೀರ್ ಸುಳ್ಳು ಹೇಳಿದ ಎಂದು ಸ್ಪಾಂಡೌ ಗ್ರಂಥಾಲಯ ಮುಚ್ಚಿದ್ದರೆ ಅವನು ನಿಜ ಹೇಳುತ್ತಿದ್ದನೇ? ಸುಳ್ಳು ಹೇಳಲು ಪುಸ್ತಕ ಬೇಕಿಲ್ಲ. ನಿಜ ಹೇಳಲು ಕೆಲವರಿಗಾದರೂ ಬೇಕಾಗುತ್ತದೆ.

ಆದ್ದರಿಂದ ನನ್ನ ತೂಕ ಹೀಗೆ ನಿಲ್ಲುತ್ತದೆ. ಪುಸ್ತಕ ಕೊಡಬೇಕು, ಆದರೆ ಪ್ರತಿಯಾಗಿ ಪಶ್ಚಾತ್ತಾಪ ಕೇಳಬಾರದು. ಊಟ, ಔಷಧಿ, ಬೆಳಕಿನ ಹಾಗೆ ಅದು ಸಿಗಬೇಕು, ಅಕ್ಷರ ಬಾರದವರಿಗೆ ಓದಿ ಹೇಳುವವರು, ಆಡಿಸುವವರು ಸಿಗಬೇಕು, ವಿಚಾರಣಾಧೀನನಿಗೂ ಸಿಗಬೇಕು. ಶಿಕ್ಷೆಯಲ್ಲಿ ನಾಲ್ಕು ದಿನ ಬಿಡುವುದಾದರೆ ಕಲಿತ ಶ್ರಮಕ್ಕೆ ಬಿಡಲಿ, ತೋಟದ ಕೆಲಸಕ್ಕೆ, ನೇಯ್ಗೆಗೆ ಬಿಡುವಂತೆ. ಮನಸ್ಸು ತಿಳಿಯಾಯಿತೆಂದು ಬಿಡುವುದು ಬೇಡ. ನಮ್ಮ ಇಲಾಖೆಯ ಹೆಸರಿನಲ್ಲೇ ‘ಕಾರಾಗೃಹ’ ಮತ್ತು ‘ಸುಧಾರಣಾ ಸೇವೆ’ ಎರಡೂ ಇವೆ. ಸೇವೆ ಎಂದ ಮೇಲೆ ಅದರ ಕೆಲಸ ಬೀಜ ಹಾಕುವುದು. ದಿನಾ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ನೋಡುವುದಲ್ಲ.

ಅಪರಾಧಪ್ರಜ್ಞೆಯನ್ನು ದಾಸ್ತೊಯೆವ್‌ಸ್ಕಿಗಿಂತ ಆಳವಾಗಿ ಬರೆದವರು ಕಡಿಮೆ. ಓಮ್ಸ್ಕ್‌ನ ಜೈಲಿನಲ್ಲಿ ನಾಲ್ಕು ವರ್ಷ ಅವರ ಕೈಗೆ ಸಿಗುತ್ತಿದ್ದ ಪುಸ್ತಕ ಬೈಬಲ್ಲಿನ ಹೊಸ ಒಡಂಬಡಿಕೆ ಒಂದೇ. ಮುಂದೆ ‘ಅಪರಾಧ ಮತ್ತು ಶಿಕ್ಷೆ’ ಬರೆದಾಗ ಅದೇ ಪುಸ್ತಕವನ್ನು ಸೈಬೀರಿಯಾದ ಜೈಲಿನಲ್ಲಿದ್ದ ತಮ್ಮ ಕಥಾನಾಯಕನ ದಿಂಬಿನ ಕೆಳಗೆ ಇಟ್ಟರು. ಕಾದಂಬರಿ ಮುಗಿಯುವಾಗ ಅವನು ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ, ತೆರೆಯುವುದಿಲ್ಲ. ತಮ್ಮ ಬದುಕಿನಲ್ಲಿ ಆ ಪುಸ್ತಕದ ಬೆಲೆ ಏನೆಂದು ಬಲ್ಲ ಲೇಖಕನಿಗೇ, ಪಾತ್ರದ ಕೈಯಲ್ಲಿ ಅದನ್ನು ಬಲವಂತವಾಗಿ ಓದಿಸಲು ಮನಸ್ಸು ಬರಲಿಲ್ಲ. ಜೈಲಿನ ಅಧಿಕಾರಿಗಳಿಗೂ, ಪುಸ್ತಕದಾನ ಮಾಡುವ ನಮಗೂ ಅಷ್ಟು ಸಂಯಮ ಇದ್ದರೆ ಒಳ್ಳೆಯದು.

ಕನ್ನಡದ ಓದುಗನಾಗಿ ನನಗೆ ಕೊನೆಯಲ್ಲಿ ನೆನಪಾಗುವುದು ಜನ್ನನ ‘ಯಶೋಧರ ಚರಿತೆ’, 1209ರ ಕಾವ್ಯ. ಯಶೋಧರ ರಾಜ ನಿಜವಾದ ಕೋಳಿಯನ್ನೂ ಕಡಿಯಲಿಲ್ಲ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಟ್ಟ. ‘ಹಿಟ್ಟು ತಾನೇ’ ಎನ್ನಬಹುದಿತ್ತು, ‘ಅಮ್ಮ ಮಾಡಿಸಿದಳು’ ಎನ್ನಬಹುದಿತ್ತು. ಕಾವ್ಯ ಆ ಎರಡು ನೆಪಗಳನ್ನೂ ಒಪ್ಪುವುದಿಲ್ಲ. ಸಂಕಲ್ಪಕ್ಕೇ ಬೆಲೆ ತೆರಬೇಕಾಗಿ, ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಜನ್ಮದ ಮೇಲೆ ಜನ್ಮ ತಾಳಿ ನರಳುತ್ತಾರೆ. ಕಡೆಗೆ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರಾಗಿ ಹುಟ್ಟಿ, ಮಾರಿಯ ಗುಡಿಯಲ್ಲಿ ಮಾರಿದತ್ತ ರಾಜನ ಎದುರು ನರಬಲಿಗೆ ನಿಲ್ಲುತ್ತಾರೆ. ಅಭಯರುಚಿ ತನ್ನ ಜನ್ಮಗಳ ಕಥೆ ಹೇಳುತ್ತಾನೆ. ಕೇಳಿದ ರಾಜ ಬಲಿಯನ್ನು ಕೈಬಿಡುತ್ತಾನೆ.

ಮಾರಿದತ್ತನ ಪಾಲಿಗೆ ಕಥೆ ಕತ್ತಿಗಿಂತ ಮೊದಲು ಬಂತು. ಜೈಲಿನಲ್ಲಿ ಓದುವವನಿಗೆ ಅದು ಕತ್ತಿಯ ನಂತರ ಬರುತ್ತದೆ. ಆ ತಡವನ್ನು ಯಾವ ಓದೂ ತುಂಬಿಕೊಡಲಾರದು. ಆದರೆ ಆ ಗುಡಿಯಲ್ಲಿ ಇನ್ನೊಬ್ಬನೂ ಇದ್ದ. ಕಥೆ ಹೇಳಿದವನು ಪುಣ್ಯಪುರುಷನಾಗಿ ಬಂದು ಬುದ್ಧಿ ಹೇಳಲಿಲ್ಲ, ಹಿಟ್ಟಿನ ಕೋಳಿ ಕಡಿದವನು ನಾನೇ ಎಂದು ಹೇಳಿದ. ಅವನಿಗೆ ಅದರಿಂದ ಶಾಂತಿ ಸಿಕ್ಕಿತೋ ಇಲ್ಲವೋ ಎಂದು ನಾವು ಕೇಳುವುದಿಲ್ಲ. ಕೇಳುವವನ ಕೈಯಲ್ಲಿ ಕತ್ತಿ ಇತ್ತು, ಅದು ಕೆಳಗಿಳಿಯಿತು.